ಬಾಯಿ ಮುಚ್ಚಿಕೊಂಡ ಪ್ರಾಂಪ್ಟರ್

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಇಂಟರ್ನ್ ಆದೆ. ಹೀಗೆ ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನುಂಗುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ನಾನು ಕನ್ನಡ ಮಾಧ್ಯಮದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಪ್ರತಿ ಜೂನ್‌ನಲ್ಲೂ ಹೊಸ ಮಕ್ಕಳು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ನಾಲ್ಕನೇ ಕ್ಲಾಸಿನಲ್ಲಿ ಮೂರು ಮಕ್ಕಳು, ಸ್ಟಾಫ್ ರೂಮಿನಲ್ಲಿ ಐವರು ಟೀಚರ್‌ಗಳು ಎಂಬಂತಾಗಿ ಶಾಲೆ ಮುಚ್ಚಿತು. ನನ್ನ ಗಂಡ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್. "ಇನ್ನು ಆರಾಮ ಕೂತ್ಕೊ ಮಾರಾಯ್ತಿ," ಅಂದರು. ಆರಾಮವಾಗಿ ಕೂತೆ. ಅಡುಗೆಮನೆಯ ಡಬ್ಬಗಳಿಗೆಲ್ಲ ಲೇಬಲ್ ಅಂಟಿಸಿದೆ, ಬಿಲ್ಡಿಂಗಿನ ಸೊಸೈಟಿಯ ನೋಟಿಸ್ ಬೋರ್ಡಿನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದೆ, ಗಂಡನ ಜೊತೆ ದಿನಕ್ಕೊಂದು ಜಗಳ ಆಡಿದೆ. ಹದಿನೈದು ದಿನಕ್ಕೆ ಮನೆಯವರೆಲ್ಲ ಸುಸ್ತಾಗಿ, ಮಗಳು ಫೋನಿನಲ್ಲಿ ಒಂದು ಫಾರ್ಮ್ ತೋರಿಸಿದಳು. ಪವಾಯಿಯಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಒಂದು ಸಂಸ್ಥೆ, ಶನಿವಾರ ಭಾನುವಾರ ಕ್ಲಾಸು. ಮೂರು ತಿಂಗಳು ಇಂಟರ್ನ್ ಆಗಿರಬೇಕು, ಒಪ್ಪಿಗೆಯಾದರೆ ಆಮೇಲೆ ನಮ್ಮದೇ ಒಂದು ಬ್ಯಾಚ್ ಕೊಡುತ್ತಾರೆ.

ರಂಗಭೂಮಿಯ ಅನುಭವ ಎಷ್ಟು ಎಂದು ಫಾರ್ಮ್ ಕೇಳಿತ್ತು. ಇಪ್ಪತ್ತಾರು ವರ್ಷ ಎಂದು ಬರೆಸಿದೆ. ಮಗಳು ನನ್ನ ಮುಖ ನೋಡಿದಳು. ನಾನು ಬರೆಸಿದ್ದು ಸುಳ್ಳಲ್ಲ.

ಮುಂಬೈಗೆ ಮದುವೆಯಾಗಿ ಬಂದ ವರ್ಷದಿಂದಲೇ ನಾನು ನಮ್ಮ ಉಪನಗರದ ಕನ್ನಡ ಸಂಘದ ನಾಟಕಗಳಿಗೆ ಪ್ರಾಂಪ್ಟರ್. ಸಂಘದ ವಾರ್ಷಿಕೋತ್ಸವದಲ್ಲಿ ಪಾರ್ಟು ಮಾಡುವವರೆಲ್ಲ ದುಡಿಯುವ ಜನ. ರಾಜ ಎಂದರೆ ಹೋಟೆಲಿನ ಕ್ಯಾಶಿಯರ್, ಮಂತ್ರಿ ಬ್ಯಾಂಕಿನವರು, ಸೇನಾಪತಿ ದಹಿಸರ್‌ನಲ್ಲಿ ಸ್ಟೇಷನರಿ ಅಂಗಡಿ ಇಟ್ಟವರು. ಮಾತು ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿಲ್ಲ, ಮಾಡಬೇಕೆಂಬ ಹಂಬಲವೂ ಇಲ್ಲ, ಏಕೆಂದರೆ ನಾನಿದ್ದೆ. ಸೈಡ್ ವಿಂಗಿನಲ್ಲಿ, ಪರದೆಯ ಮರೆಗೆ, ಒಂದು ಸ್ಟೂಲು, ಕೈಯಲ್ಲಿ ಟಾರ್ಚು, ತೊಡೆಯ ಮೇಲೆ ಪುಸ್ತಕ. ನಾನು ಪಿಸುಗುಟ್ಟುತ್ತೇನೆ, ರಾಜ ಘರ್ಜಿಸುತ್ತಾನೆ. ಒಂದು ವರ್ಷ ನನಗೆ ಜೋರು ನೆಗಡಿ. ನಾನು ಕೆಮ್ಮಿದಾಗ ರಾಜನೂ ಕೆಮ್ಮಿದ. ಎಷ್ಟು ಸಹಜ ಅಭಿನಯ ಎಂದು ಮುಂದಿನ ಸಾಲಿನವರು ಹೊಗಳಿದರು. ಒಂದು ದಿನವೂ ನಾನು ಬಣ್ಣ ಹಚ್ಚಿದವಳಲ್ಲ, ಒಂದು ಹಾರವೂ ನನ್ನ ಕೊರಳಿಗೆ ಬಿದ್ದಿಲ್ಲ. ಆದರೂ ಆ ಇಪ್ಪತ್ತಾರು ನಾಟಕಗಳ ಪ್ರತಿ ಪಾತ್ರದ ಪ್ರತಿ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ. ಆ ಹೆಮ್ಮೆ ನನಗೆ ಬೇಕಾದಷ್ಟಿತ್ತು.

ಪವಾಯಿಯ ಕ್ಲಾಸು ನಡೆಯುತ್ತಿದ್ದದ್ದು ಕೆರೆಯ ಹತ್ತಿರದ ದೊಡ್ಡ ಕಾಂಪ್ಲೆಕ್ಸೊಂದರ ಕ್ಲಬ್ ಹೌಸಿನಲ್ಲಿ. ಹದಿನಾಲ್ಕು ಮಕ್ಕಳು. ಅರ್ಧ ಜನ ಆ ಕಾಂಪ್ಲೆಕ್ಸಿನ ಫ್ಲ್ಯಾಟುಗಳವರು, ಇನ್ನರ್ಧ ಹಿಂದಿನ ಗುಡ್ಡದ ಚಾಳಿನ ಒಂಟಿ ಕೋಣೆಗಳವರು. ಎರಡೂ ಕಡೆಯವರನ್ನು ಸೇರಿಸಿಯೇ ಕಲಿಸಬೇಕು ಎಂಬುದು ಅಲ್ಲಿಯ ಮುಖ್ಯ ಟೀಚರಳ ಹಟ. ಅವಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಹಿಂದಿ ಹುಡುಗಿ, ಕತ್ತರಿಸಿದ ಕೂದಲು, ಬರಿಗಾಲು. ಅಲ್ಲಿ ಎಲ್ಲ ಟೀಚರ್‌ಗಳಿಗೂ ಮಕ್ಕಳು ‘ದೀದಿ’, ಅಂದರೆ ಅಕ್ಕ, ಎನ್ನಬೇಕು. ನನ್ನನ್ನು ದೀದಿ ಎಂದು ಯಾರಾದರೂ ಕರೆದು ಎಷ್ಟೋ ವರ್ಷವಾಗಿತ್ತು. ಮೊದಲ ದಿನ ಖುಷಿಯಿಂದ ಎರಡೆರಡು ಸಲ ಓಗೊಟ್ಟೆ.

ಅವಳ ಪದ್ಧತಿ ಮಾತ್ರ ನನಗೆ ತಲೆಬುಡ ತಿಳಿಯಲಿಲ್ಲ. ಪುಸ್ತಕ ಇಲ್ಲ, ಪಾರ್ಟು ಹಂಚುವುದಿಲ್ಲ. ಮಕ್ಕಳೇ ಕತೆ ಕಟ್ಟಬೇಕು, ಮಕ್ಕಳೇ ಮಾತು ಹುಡುಕಬೇಕು. ಈ ಮಕ್ಕಳು ಕಟ್ಟಿದ ಕತೆ ಹೀಗಿತ್ತು. ಪವಾಯಿ ಕೆರೆಯ ಒಂದು ಮುದಿ ಮೊಸಳೆ ಮೊಟ್ಟೆ ಇಡಲು ಜಾಗ ಹುಡುಕಿಕೊಂಡು ದಡಕ್ಕೆ ಬರುತ್ತದೆ. ಅಲ್ಲೊಂದು ಬಿಲ್ಡಿಂಗ್ ಎದ್ದಿದೆ. ಗೇಟಿನಲ್ಲಿ ವಾಚ್‌ಮನ್ ತಡೆದು, ಹೆಸರೇನು, ಯಾವ ಫ್ಲ್ಯಾಟು, ರಿಜಿಸ್ಟರಿನಲ್ಲಿ ಸಹಿ ಮಾಡು ಅನ್ನುತ್ತಾನೆ. ಮೊಸಳೆ ಕೊಡುವ ಉತ್ತರದ ಮೇಲೆ ನಾಟಕವೆಲ್ಲ ನಿಂತಿದೆ.

ಮೊಸಳೆಯ ಪಾತ್ರ ಸಿಕ್ಕಿದ್ದು ಚಾಳಿನ ಒಂಬತ್ತು ವರ್ಷದ ಹುಡುಗಿಗೆ. ನಾನು ಆರಿಸಲಿಲ್ಲ. ಎಲ್ಲರೂ ಮೊಸಳೆಯಂತೆ ನಡೆದು ತೋರಿಸಿ ಅಂದಾಗ ಉಳಿದ ಮಕ್ಕಳು ಬಾಯಿ ಹಿಗ್ಗಿಸಿ ಕಿರುಚಾಡಿದರು. ಇವಳೊಬ್ಬಳು ನೆಲದ ಮೇಲೆ ಹೊಟ್ಟೆ ಊರಿ ಅಲುಗಾಡದೆ ಬಿದ್ದುಕೊಂಡು, ಬರೀ ಕಣ್ಣು ತಿರುಗಿಸಿದಳು. ಎದುರಿಗಿದ್ದ ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವಳ ತಂದೆ ತಾಯಿ ವಿಜಯಪುರದ ಕಡೆಯವರು. ಅಪ್ಪ ಬಿಲ್ಡಿಂಗ್ ಕಟ್ಟುವ ಕೆಲಸ, ಅವ್ವ ಅದೇ ಕಾಂಪ್ಲೆಕ್ಸಿನ ಎರಡು ಮನೆಗಳಲ್ಲಿ ಪಾತ್ರೆ, ಬಟ್ಟೆ. ಹುಡುಗಿಗೆ ಹಿಂದಿ ಬರುತ್ತದೆ, ಆದರೆ ಅಳೆದು ಸುರಿದು ಮಾತಾಡುತ್ತಾಳೆ. ನನಗೆ ಕನ್ನಡ ಬರುತ್ತದೆ ಎಂದು ಗೊತ್ತಾದ ದಿನದಿಂದ ನಾನೊಬ್ಬಳೇ ಅವಳಿಗೆ ದೀದಿಯಲ್ಲ, ಟೀಚರ್.

"ಟೀಚರ್, ಮೊಸಳಿ ಏನಂತ ಮಾತಾಡ್ಬೇಕ್ರೀ?" ಎಂದು ಕೇಳಿದಳು.

"ನೀನು ಏನು ಅನ್ನಬೇಕು ಅಂತೀಯೋ ಅದನ್ನೇ ಅನ್ನು," ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು, ಮಕ್ಕಳು ಆಡಿದ ಮಾತನ್ನೆಲ್ಲ ರಾತ್ರಿ ಕೂತು ಬರೆದು, ತಿದ್ದಿ, ಚಂದ ಮಾಡಿದೆ. ಮಕ್ಕಳ ಮೊಸಳೆ ‘ಮೈಂ ಇಧರ್ ಹೀ ರೆಹತೀ ಹೂಂ’ ಎಂದಿತ್ತು, ನಾನು ಇಲ್ಲೇ ಇರುವವಳು, ಅಷ್ಟೆ. ನನಗದು ಸಪ್ಪೆ ಅನಿಸಿತು. ಈ ಬಿಲ್ಡಿಂಗ್ ಏಳುವ ಮೊದಲೇ ನನ್ನ ಅಜ್ಜಿ ಈ ದಡದಲ್ಲಿ ಮೊಟ್ಟೆ ಇಟ್ಟಿದ್ದಳು, ನಾನು ಯಾರ ಫ್ಲ್ಯಾಟಿಗೂ ಬಂದಿಲ್ಲ, ನನ್ನ ಮನೆಗೆ ಬಂದಿದ್ದೇನೆ ಎಂದು ಶುದ್ಧ ಹಿಂದಿಯಲ್ಲಿ ನಾಲ್ಕು ವಾಕ್ಯ ಹೊಸೆದೆ. ನಮ್ಮ ಸಂಘದ ರಾಜ ಕೇಳಿದ್ದರೆ ಮೀಸೆ ತಿರುವುತ್ತಿದ್ದ. ಕ್ಲಾಸು ಶುರುವಾಗುವ ಮೊದಲೇ ಇವನ್ನೆಲ್ಲ ಮಕ್ಕಳಿಗೆ ಒಂದೆರಡು ಸಲ ಓದಿ ಹೇಳುತ್ತಿದ್ದೆ. ರಿಹರ್ಸಲಿನಲ್ಲಿ ಮಕ್ಕಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮುಖ್ಯ ಟೀಚರಳಿಗೆ ಕೇಳಬಾರದೆಂದು ದನಿ ಎತ್ತುತ್ತಿರಲಿಲ್ಲ, ತುಟಿ ಮಾತ್ರ ಆಡಿಸುತ್ತಿದ್ದೆ. ಇದು ಕಳ್ಳತನ ಅಂತ ನನಗೆ ಅನಿಸಲೇ ಇಲ್ಲ, ಸಹಾಯ ಅಂತಲೇ ಅಂದುಕೊಂಡಿದ್ದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾಟಕ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿತ್ತು. ಮುಖ್ಯ ಟೀಚರ್ ನನ್ನ ಬೆನ್ನು ತಟ್ಟಿದಳು. ನಾನು ಮನೆಗೆ ಬಂದು ಗಂಡನಿಗೆ, ಬ್ಯಾಚ್ ನನಗೇ ಎಂದು ಹೇಳಿಬಿಟ್ಟೆ.

ಆಮೇಲೊಂದು ಶನಿವಾರ ನನಗೆ ನೆಗಡಿಯಾಯಿತು. ಮಕ್ಕಳಿಗೆ ಅಂಟುವುದು ಬೇಡವೆಂದು ಮಾಸ್ಕ್ ಹಾಕಿಕೊಂಡು ಹೋಗಿ ಎಂದಿನ ಕುರ್ಚಿಯಲ್ಲಿ ಕೂತೆ.

ನಾಟಕ ಶುರುವಾಗಲೇ ಇಲ್ಲ. ವಾಚ್‌ಮನ್ ಪಾರ್ಟಿನ ಹುಡುಗ ನನ್ನನ್ನು ನೋಡಿದ. ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ ಪಾರ್ಟಿನ ಹುಡುಗಿ ನನ್ನನ್ನು ನೋಡಿದಳು. ನೆಲದ ಮೇಲೆ ಮಲಗಿದ್ದ ಮೊಸಳೆ ಕತ್ತೆತ್ತಿ ನನ್ನನ್ನು ನೋಡಿತು. ಹದಿನಾಲ್ಕು ಮಕ್ಕಳು ನನ್ನ ಮಾಸ್ಕನ್ನು ದಿಟ್ಟಿಸುತ್ತಾ ನಿಂತರು. ಮುಖ್ಯ ಟೀಚರ್ ಒಮ್ಮೆ ಮಕ್ಕಳನ್ನು, ಒಮ್ಮೆ ನನ್ನನ್ನು ನೋಡಿ, ಹತ್ತಿರ ಬಂದು, "ದೀದಿ, ಒಂದು ನಿಮಿಷ ಮಾಸ್ಕ್ ತೆಗೀರಿ," ಅಂದಳು. ತೆಗೆದೆ. ಅಭ್ಯಾಸಬಲದಿಂದ ತುಟಿ ತಾನೇ ಅಲ್ಲಾಡಿತು. ವಾಚ್‌ಮನ್ ತಕ್ಷಣ ಮೊದಲ ಮಾತು ಒದರಿದ.

ಅವಳು ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಮಕ್ಕಳನ್ನು ನೀರು ಕುಡಿಯಲು ಕಳಿಸಿ, ನನ್ನನ್ನು ಮೂಲೆಗೆ ಕರೆದು, ದನಿ ಏರಿಸದೆ ಹಿಂದಿಯಲ್ಲಿ ಹೇಳಿದಳು: "ಇಷ್ಟು ದಿನ ಇವರು ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ ಅಂದುಕೊಂಡಿದ್ದೆ. ಇವರು ನಿಮ್ಮ ಬಾಯಿ ಓದುತ್ತಿದ್ದರು." ಇಪ್ಪತ್ತಾರು ವರ್ಷದ ಅನುಭವ ಎಂದು ನಾನು ಬಾಯಿ ತೆರೆದೆ. ಅರ್ಧಕ್ಕೇ ಬಿಟ್ಟು ಮಾಸ್ಕ್ ಮತ್ತೆ ಏರಿಸಿಕೊಂಡೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ನಾಚಿಕೆಯಾಯಿತು, ಅಷ್ಟೇ.

ಉಳಿದ ಮಕ್ಕಳು ಎರಡು ಮೂರು ಕ್ಲಾಸಿನಲ್ಲಿ ಸುಧಾರಿಸಿಕೊಂಡರು. ಅವರದು ಚಿಕ್ಕ ಚಿಕ್ಕ ಮಾತು. ನಾನು ಹೊಸೆದ ಹಿಂದಿ ಬಿಟ್ಟು ತಮ್ಮ ಮೊದಲಿನ ಮಾತಿಗೇ ಖುಷಿಯಿಂದ ಮರಳಿದರು. ಮೊಸಳೆ ಮಾತ್ರ ಮರಳಲಿಲ್ಲ. ಗೇಟಿನ ದೃಶ್ಯ ಬಂದ ಕೂಡಲೇ ಆ ಹುಡುಗಿ ನನ್ನ ಕಡೆ ತಿರುಗುತ್ತಿದ್ದಳು. ನಾನು ಬೆನ್ನು ಹಾಕಿ ಕೂತರೆ ಮಾತೇ ಇಲ್ಲ.

"ಯಾಕಮ್ಮಾ?" ಅಂದೆ.

"ನಿಮ್ಮ ಬಾಯಿ ಕಾಣಲಿಲ್ಲಂದ್ರ ನನಗ ಏನೂ ನೆನಪ ಆಗೂದಿಲ್ರೀ," ಅಂದಳು. ಅವಳು ದೂರುತ್ತಿರಲಿಲ್ಲ, ಇದ್ದದ್ದನ್ನು ಹೇಳಿದಳು. ಆ ಮಾತು ನನಗೆ ಚುಚ್ಚಿದ ಹಾಗೆ ಮುಖ್ಯ ಟೀಚರಳ ಯಾವ ಮಾತೂ ಚುಚ್ಚಿರಲಿಲ್ಲ.

ಮಕ್ಕಳ ಮನೆಯವರ ಮುಂದೆ ಆಡುವ ಶೋಗೆ ಎರಡು ವಾರ ಉಳಿದಿತ್ತು. ಮೊಸಳೆಯ ಪಾತ್ರವನ್ನು ಬೇರೆಯವರಿಗೆ ಕೊಟ್ಟು, ಇವಳನ್ನು ಕೆರೆಯ ಮೀನುಗಳ ಗುಂಪಿಗೆ ಸೇರಿಸೋಣ ಎಂದು ಮುಖ್ಯ ಟೀಚರ್ ಹೇಳಿದಳು. ಮೀನುಗಳಿಗೆ ಮಾತಿರಲಿಲ್ಲ. ನಾನು ಬೇಡ ಅಂದೆ. ಕೆಟ್ಟದ್ದು ನನ್ನಿಂದ, ಪಾತ್ರ ಕಳೆದುಕೊಳ್ಳುವುದು ಅವಳೇ ಎಂದರೆ ಯಾವ ನ್ಯಾಯ ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು, "ಸರಿ ದೀದಿ, ಪಾತ್ರ ಅವಳದೇ. ಆದರೆ ಶೋ ದಿನ ನೀವು ವಿಂಗಿನಲ್ಲಿ ಇರುತ್ತೀರಿ. ಅವಳು ನಿಂತುಬಿಟ್ಟರೆ ನಿಲ್ಲಲಿ. ನಿಮ್ಮಿಂದ ಒಂದು ಶಬ್ದ ಬಂದರೂ ನಾನು ನಿಮ್ಮ ಕೈಗೆ ಬ್ಯಾಚ್ ಕೊಡುವುದಿಲ್ಲ," ಅಂದಳು. ಒಪ್ಪಿದೆ.

ಆ ಎರಡು ವಾರ ನಾನು ಮಾಡದ ಕಸರತ್ತಿಲ್ಲ. ಒಂದು ದಿನ ಕ್ಲಾಸಿನಲ್ಲಿ, ನಿಮ್ಮ ಮನೆಯವರು ಯಾರಾದರೂ ನಡೆಯುವ ಹಾಗೆ, ಮಾತಾಡುವ ಹಾಗೆ ಮಾಡಿ ತೋರಿಸಿ ಎಂಬ ಆಟ ಇತ್ತು. ಹುಡುಗಿ ತನ್ನ ಅವ್ವನನ್ನು ತೋರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಂಪ್ಲೆಕ್ಸಿನ ಗೇಟಿನಲ್ಲಿ ಬಗ್ಗಿ ಸಹಿ ಹಾಕಿ, ನಾಲ್ಕು ಹೆಜ್ಜೆ ಮುಂದೆ ಬಂದು, ತಿರುಗಿ ನೋಡಿ, ತುಟಿಯೊಳಗೇ ಏನೋ ಬೈದುಕೊಳ್ಳುತ್ತಾ ನಡೆದಳು. ಮಕ್ಕಳೆಲ್ಲ ನಕ್ಕರು. "ಚೆನ್ನಾಗಿದೆ," ಅಂದೆ ನಾನು, "ಈಗ ಮೊಸಳೆಯ ಮಾತು ಹೇಳು ನೋಡೋಣ." ಅವಳ ಮುಖ ಮುದುಡಿತು. ಎಂಥ ದಡ್ಡಿ ನಾನು ಎಂದು ಈಗ ಅನಿಸುತ್ತದೆ. ಕಣ್ಣೆದುರಿಗೆ ಬಂದದ್ದನ್ನು ಬದಿಗೆ ಸರಿಸಿ, ನನ್ನ ನಾಲ್ಕು ವಾಕ್ಯ ಕೇಳಿದೆ.

ಶೋ ಇದ್ದದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಕ್ಲಬ್ ಹೌಸಿನಲ್ಲಿ. ಎಲ್ಲ ಮನೆಯವರಿಗೂ ಮಕ್ಕಳೇ ಚಿತ್ರ ಬರೆದ ಆಮಂತ್ರಣ ಪತ್ರ ಹೋಗಿತ್ತು. ನಾನು ಹತ್ತು ಗಂಟೆಗೆ ಗೇಟಿನ ಹತ್ತಿರ ಬಂದಾಗ ಹುಡುಗಿ ಮತ್ತು ಅವಳ ಅವ್ವ ಅಲ್ಲೇ ನಿಂತಿದ್ದರು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ತುರುಬಿಗೆ ಹೂ ಮುಡಿದು, ಆಮಂತ್ರಣ ಪತ್ರ ಕೈಯಲ್ಲಿ ಹಿಡಿದಿದ್ದಳು. ವಾಚ್‌ಮನ್ ಪತ್ರ ನೋಡಿದ, ಅವಳನ್ನು ನೋಡಿದ, ಎಂದಿನಂತೆ ರಿಜಿಸ್ಟರ್ ಮುಂದಕ್ಕೆ ತಳ್ಳಿದ. ಹೆಸರು, ಯಾವ ಫ್ಲ್ಯಾಟು. ಅವನ ತಪ್ಪೂ ಅಲ್ಲ, ಸೊಸೈಟಿಯ ರೂಲ್ಸ್ ಹಾಗಿದೆ. ಅವಳ ಪಕ್ಕದಲ್ಲೇ ಕಾರುಗಳು ಸಹಿಯಿಲ್ಲದೆ ಒಳಗೆ ಹೋಗುತ್ತಿದ್ದವು. ಅವ್ವ ಬಗ್ಗಿ ಸಹಿ ಹಾಕಿದಳು. ಹುಡುಗಿ ಅದನ್ನು ನೋಡುತ್ತಾ ನಿಂತಳು. ನನ್ನ ನಾಲಿಗೆ ತುರಿಸಿತು, ಆದರೆ ಆ ದಿನ ಬಾಯಿ ಮುಚ್ಚಿಕೊಂಡಿರಬೇಕೆಂದು ನಾನು ಮೊದಲೇ ತೀರ್ಮಾನಿಸಿದ್ದೆ.

ಅದಕ್ಕಾಗಿ ಬ್ಯಾಗಿನಲ್ಲಿ ಮಾಸ್ಕ್ ತಂದಿದ್ದೆ. ನೆಗಡಿ ಇರಲಿಲ್ಲ. ನನ್ನ ತುಟಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಎಡಗಡೆಯ ವಿಂಗ್ ಎಂದರೆ ಹಗ್ಗಕ್ಕೆ ಇಳಿಬಿಟ್ಟ ಒಂದು ಕಪ್ಪು ಬಟ್ಟೆ. ಅದರ ಹಿಂದೆ ಮಾಸ್ಕ್ ಹಾಕಿ, ಕೈ ಕಟ್ಟಿ ನಿಂತೆ. ನೋಟ್‌ಬುಕ್ ಮನೆಯಲ್ಲೇ ಬಿಟ್ಟಿದ್ದೆ. ಹಾಲ್ ತುಂಬಿತ್ತು. ಮೂರನೇ ಸಾಲಿನ ತುದಿಯಲ್ಲಿ ಹುಡುಗಿಯ ಅವ್ವ. ಕೊನೆಯ ಸಾಲಿನಲ್ಲಿ ನನ್ನ ಗಂಡ, ಹೋಟೆಲಿನ ಭಾನುವಾರದ ರಶ್ ಬಿಟ್ಟು ಬಂದಿದ್ದರು. ಮೀನುಗಳು ಈಜಿದವು, ಜನ ಚಪ್ಪಾಳೆ ತಟ್ಟಿದರು. ಬಿಲ್ಡಿಂಗ್ ಎದ್ದಿತು. ಮೊಸಳೆ ಹೊಟ್ಟೆ ಎಳೆಯುತ್ತಾ ದಡಕ್ಕೆ ಬಂದು ಎದ್ದು ನಿಂತಿತು.

"ನಾಮ್?" ಅಂದ ವಾಚ್‌ಮನ್ ಪಾರ್ಟಿನ ಹುಡುಗ, "ಫ್ಲ್ಯಾಟ್ ನಂಬರ್? ಇಧರ್ ಸೈನ್ ಕರೋ."

ಮೊಸಳೆ ಸುಮ್ಮನೆ ನಿಂತಿತು.

ಹುಡುಗಿ ನಿಧಾನವಾಗಿ ಕತ್ತು ತಿರುಗಿಸಿ ವಿಂಗಿನ ಕಡೆ ನೋಡಿದಳು. ಅವಳಿಗೆ ಕಂಡದ್ದು ನನ್ನ ಮಾಸ್ಕ್ ಮಾತ್ರ. ನನ್ನ ನಾಲ್ಕು ವಾಕ್ಯ ನನ್ನ ಗಂಟಲಿನವರೆಗೆ ಬಂದು ನಿಂತಿತ್ತು. ಒಂದೇ ಒಂದು ಪದ ಪಿಸುಗುಟ್ಟಿದರೆ ಸಾಕು, ಅವಳು ದಾಟಿಬಿಡುತ್ತಾಳೆ. ನೂರಾರು ಸಲ ನಾನು ಮಾಡಿದ ಕೆಲಸ. ರಾಜರನ್ನು ದಾಟಿಸಿದವಳಿಗೆ ಒಂದು ಮೊಸಳೆ ಹೆಚ್ಚೇ? ಬ್ಯಾಚ್ ಹೋದರೆ ಹೋಗಲಿ, ಮಗು ಅಷ್ಟು ಜನರ ಮುಂದೆ, ಅವ್ವನ ಮುಂದೆ ಹೀಗೆ ನಿಂತಿರಬೇಕೆ ಎಂದುಕೊಂಡೆ. ಮಾಸ್ಕಿನೊಳಗೆ ಬಾಯಿ ತೆರೆದೆ ಕೂಡ. ಆಗ ‘ನಿಮ್ಮ ಬಾಯಿ ಕಾಣಲಿಲ್ಲಂದ್ರ’ ಎಂದು ಅವಳು ಹೇಳಿದ್ದು ನೆನಪಾಯಿತು. ಈಗ ಕೊಟ್ಟರೆ ಇವಳು ಎಂದೆಂದಿಗೂ ಯಾರದೋ ಬಾಯಿ ನೋಡುತ್ತಾಳೆ. ತುಟಿ ಕಚ್ಚಿ ಹಿಡಿದೆ, ತಲೆ ಮಾತ್ರ ಅಡ್ಡಡ್ಡ ಆಡಿಸಿದೆ.

ಅವಳು ಮುಖ ತಿರುಗಿಸಿದಳು. ವಾಚ್‌ಮನ್ ಹುಡುಗ ಚಾಚಿ ಹಿಡಿದ ರಿಜಿಸ್ಟರ್ ನೋಡಿದಳು. ಆಮೇಲೆ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಸೊಂಟದ ಮೇಲಿಟ್ಟು, ಹಾಲಿನ ಕೊನೆಯ ಸಾಲಿಗೂ ಕೇಳುವಂತೆ ಅಂದಳು:

"ದಿನಾ ಬರ್ತೀನಿ, ದಿನಾ ಹೆಸರ ಕೇಳ್ತಾನ. ನನ್ನ ಮಾರಿ ಏನ್ ದಿನಾ ಬದಲಾಗತೈತೇನು? ಇಲ್ಲಾ ಇಂವಾ ಮಲಗೂ ಮುಂದ ತಲಿ ಬಿಚ್ಚಿಟ್ಟು ಮಲಗ್ತಾನೇನು?"

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಾನು ವಿಂಗಿನಲ್ಲಿ ನಿಂತು, ಮುಂದಿನ ಮಾತು ಏನೆಂದು ತಿಳಿಯದೆ ಕೇಳಿದೆ. ಮೂರನೇ ಸಾಲಿನಿಂದ ಒಂದು ನಗು ಎಲ್ಲರಿಗಿಂತ ಮೊದಲು ಸಿಡಿಯಿತು, ಸೆರಗು ಬಾಯಿಗೆ ಅಡ್ಡ ಹಿಡಿದರೂ ನಿಲ್ಲದ ನಗು. ಕೊನೆಯ ಸಾಲಿನಿಂದ ನನ್ನ ಗಂಡನ ನಗು. ಉಳಿದವರಿಗೆ ಭಾಷೆ ತಿಳಿಯದಿದ್ದರೂ, ಆ ಸೊಂಟದ ಮೇಲಿನ ಕೈ ತಿಳಿಯಿತು. ಇಡೀ ಹಾಲ್ ನಕ್ಕಿತು. ವಾಚ್‌ಮನ್ ಪಾರ್ಟಿನ ಹುಡುಗ ಪವಾಯಿಯಲ್ಲೇ ಹುಟ್ಟಿ ಬೆಳೆದವನು, ಒಂದಕ್ಷರ ಕನ್ನಡ ಬಾರದವನು. ಅವನು ಒಂದು ಕ್ಷಣ ಮೊಸಳೆಯನ್ನೇ ನೋಡಿ, ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, "ಸಾರಿ ಮೇಡಂ, ಜಾಯಿಯೇ," ಎಂದು ಸೆಲ್ಯೂಟ್ ಹೊಡೆದ. ಅದೂ ಯಾರೂ ಹೇಳಿಕೊಟ್ಟದ್ದಲ್ಲ. ಮೊಸಳೆ ತಲೆ ಎತ್ತಿಕೊಂಡು ಗೇಟು ದಾಟಿ ಹೋಯಿತು. ನಾನು ಕಪ್ಪು ಬಟ್ಟೆಯ ಹಿಂದೆ ಮಾಸ್ಕ್ ಒದ್ದೆಯಾಗುವಷ್ಟು ಅತ್ತೆ. ಹೆಮ್ಮೆಯಿಂದ ಅತ್ತೆ, ಮುಚ್ಚಿಡುವುದೇನಿದೆ.

ನಾಟಕ ಮುಗಿದು ಜನ ಚಹಾ ಸಮೋಸದ ಕಡೆ ಹೋದಾಗ ಮುಖ್ಯ ಟೀಚರ್ ನೇರವಾಗಿ ನನ್ನ ಹತ್ತಿರ ಬಂದಳು. ಅವಳ ಮುಖದಲ್ಲಿ ಖುಷಿ ಇತ್ತು, ಅನುಮಾನವೂ ಇತ್ತು.

"ದೀದಿ, ಅವಳು ಆಡಿದ್ದು ಕನ್ನಡ ಅಲ್ಲವಾ?" ಎಂದು ಕೇಳಿದಳು. "ಇಲ್ಲಿಯ ಟೀಚರ್‌ಗಳಲ್ಲಿ ಕನ್ನಡ ಬರುವವರು ನೀವೊಬ್ಬರೇ. ನಿಜ ಹೇಳಿ, ನೀವು ಕೊಟ್ಟಿರಾ?"

ಮೂಗಿನ ತುದಿಯ ಸಿಟ್ಟು ನೆತ್ತಿಗೇರಿತು. ಮಾಸ್ಕ್ ಕೆಳಗೆ ಎಳೆದು ಅವಳಿಗೆ ನಾಲ್ಕು ಮಾತು ಹೇಳಬೇಕೆಂದುಕೊಳ್ಳುವಷ್ಟರಲ್ಲಿ, ಹುಡುಗಿಯ ಅವ್ವ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ನಕ್ಕು ನಕ್ಕು ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು, ಬಾಯಿ ಮಾತ್ರ ಬೈಯುತ್ತಿತ್ತು.

"ನೋಡ್ರೀ ಟೀಚರ್, ಇದು ನನ್ನ ಮಾತ್ರೀ. ದಿನಾ ಗೇಟ್ ದಾಟಿ ಬಂದ ಮ್ಯಾಲೆ ನಾ ಬೈಕೊಂತ ಹೋಗೂ ಮಾತು. ಅದನ್ನ ತಂದು ಇಷ್ಟು ಮಂದಿ ಮುಂದ ಇಟ್ಟಾಳ್ರೀ ಇಕಿ. ನಾಳೆ ಆ ಗೇಟಿನ್ಯಾಗ ನಾ ಹೆಂಗ ಮಾರಿ ತೋರಿಸ್ಲಿ?"

"ನೀ ಹೂಂ ಅಂತ ಸಹಿ ಮಾಡಬ್ಯಾಡ," ಅಂದಳು ಮೊಸಳೆ.

ಮುಖ್ಯ ಟೀಚರ್ ನಮ್ಮ ಮೂವರ ಮುಖವನ್ನೂ ಸರದಿಯಂತೆ ನೋಡಿ, "ದೀದಿ, ಇವರು ಏನು ಹೇಳುತ್ತಿದ್ದಾರೆ?" ಎಂದು ಕೇಳಿದಳು.

ನಾನು ಆತುರಪಡಲಿಲ್ಲ. ಅವ್ವ ಹೇಳಿ ಮುಗಿಸಲಿ, ಮಗಳು ಇನ್ನೇನಾದರೂ ಅನ್ನುವುದಿದ್ದರೆ ಅನ್ನಲಿ ಎಂದು ಕಾದೆ. ಇಬ್ಬರೂ ಸುಮ್ಮನಾದ ಮೇಲೆ ಮಾಸ್ಕ್ ತೆಗೆದು, ಅವರು ಆಡಿದ್ದನ್ನು ಒಂದು ಮಾತೂ ಚಂದ ಮಾಡದೆ, ಈ ಸಲ ಅವರ ಮಾತಿನ ನಂತರ, ಹಿಂದಿಯಲ್ಲಿ ಹೇಳಿದೆ.